ಕಂಪನವೂ ಕ್ಷೋಭೆಯೂ

ಕಠೋಪನಿಷತ್ತಿನಲ್ಲಿ ಯಮನು ನಚಿಕೇತನಿಗೆ ಶರೀರವನ್ನು ರಥವೆಂತಲೂ, ಆತ್ಮನನ್ನು ರಥದಲ್ಲಿ ಕುಳಿತ ಒಡೆಯನೆಂತಲೂ, ಬುದ್ಧಿಯನ್ನು ಸಾರಥಿಯೆಂತಲೂ, ಮನಸ್ಸನ್ನು ಲಗಾಮೆಂತಲೂ, ಇಂದ್ರಿಯಗಳನ್ನು ಕುದುರೆಗಳೆಂತಲೂ ತಿಳಿಸಿಕೊಡುವ ರೂಪಕವು ನಮ್ಮ ಜನಕ್ಕೆ ಚಿರಪರಿಚಿತವಾದದ್ದು. ಆ ರೂಪಕದಲ್ಲಿ ಎಳೆಯುವ ಶಕ್ತಿ ರಥದ ಹೊರಗಿದೆ; ಕುದುರೆ ಬೇರೆ, ರಥ ಬೇರೆ; ಅವೆರಡನ್ನೂ ಕೂಡಿಸುವುದು ಒಂದು ನೊಗ, ಒಂದು ಮೂಕಿ. ನಮ್ಮ ಕಾಲದ ರಥದಲ್ಲಾದರೋ ಎಳೆಯುವ ಶಕ್ತಿ ರಥದ ಒಡಲೊಳಗೇ ನೆಲಸಿದೆ. ಬೆಂಕಿಯನ್ನು ಗರ್ಭದಲ್ಲಿಟ್ಟುಕೊಂಡ ಎಂಜಿನ್ನು ಕಬ್ಬಿಣದ ಬೋಲ್ಟುಗಳಿಂದ ವಾಹನದ ಅಸ್ಥಿಪಂಜರಕ್ಕೆ ಬಂಧಿತವಾಗಿದೆ. ಅದರ ಒಂದೊಂದು ಮಿಡಿತವೂ ಕುಳಿತವನ ಬೆನ್ನಿಗೆ, ಅಂಗಾಲಿಗೆ, ಕಿವಿಗೆ ಬಂದು ಮುಟ್ಟುತ್ತದೆ. ಹೀಗೆ ವಾಹನದ ಒಳಾವರಣವನ್ನು ತುಂಬುವ ಸದ್ದು ನಿಜವಾಗಿ ಯಾರದು? ಎಂಜಿನ್ನಿನದೆ, ತಗಡಿನದೆ, ಒಳಗೆ ಸೆರೆಯಾದ ಗಾಳಿಯದೆ, ಕೇಳುವ ಕಿವಿಯದೆ? ಯಂತ್ರಶಾಸ್ತ್ರಜ್ಞನು ಕೇಳತಕ್ಕ ಈ ಪ್ರಶ್ನೆಯೂ, ತನ್ನೊಳಗಿನ ಕ್ಷೋಭೆಗೆ ಮೂಲವೆಲ್ಲಿ ಎಂದು ಸಾಧಕನು ಕೇಳತಕ್ಕ ಪ್ರಶ್ನೆಯೂ ಒಂದೇ ಆಕಾರದವು. ಮೊದಲನೆಯದಕ್ಕೆ ಮನುಷ್ಯನು ನೂರು ವರ್ಷಗಳ ಪರಿಶ್ರಮದಿಂದ ಸಂಪಾದಿಸಿಕೊಂಡಿರುವ ಉತ್ತರವು ಎರಡನೆಯದನ್ನು ಬೆಳಗಿಸಬಲ್ಲದೆಂಬುದು ನನ್ನ ನಂಬಿಕೆ.

ಮೊದಲು ಮೂಲವನ್ನು ನೋಡೋಣ. ಸಾಮಾನ್ಯವಾದ ಕಾರಿನಲ್ಲಿ ಒಂದೇ ಸಾಲಿನಲ್ಲಿ ನಿಂತ ನಾಲ್ಕು ಸಿಲಿಂಡರುಗಳಿರುತ್ತವೆ. ಪ್ರತಿಯೊಂದು ಸಿಲಿಂಡರಿನಲ್ಲಿಯೂ ಕ್ರ್ಯಾಂಕ್‌ಶಾಫ್ಟು ಎರಡು ಸುತ್ತು ಸುತ್ತುವಷ್ಟರಲ್ಲಿ ಒಮ್ಮೆ ಇಂಧನ ಹೊತ್ತಿ ಪಿಸ್ಟನ್ನನ್ನು ಕೆಳಕ್ಕೆ ನೂಕುತ್ತದೆಯಾದ್ದರಿಂದ, ನಾಲ್ಕೂ ಸೇರಿ ಒಂದು ಸುತ್ತಿಗೆ ಎರಡು ನೂಕುಗಳು ಲಭಿಸುತ್ತವೆ. ವಾಹನ ನಿಂತಿದ್ದು ಎಂಜಿನ್ನು ಮಾತ್ರ ನಿಮಿಷಕ್ಕೆ 750 ಸುತ್ತು ತಿರುಗುತ್ತಿರುವಾಗ ಸೆಕೆಂಡಿಗೆ 25 ನೂಕುಗಳು; ಅದು 3,000 ಸುತ್ತಿಗೆ ಏರಿದಾಗ ಸೆಕೆಂಡಿಗೆ 100. ಸೆಕೆಂಡಿಗೆ ಸುಮಾರು 20 ಕಂಪನಗಳಿಂದ ಮೇಲ್ಪಟ್ಟದ್ದನ್ನು ಮನುಷ್ಯನ ಕಿವಿ ನಾದವೆಂದು ಗ್ರಹಿಸುತ್ತದೆ. ಅದಕ್ಕಿಂತ ಕಡಿಮೆಯಾದದ್ದನ್ನು ಮೈ ಅಲುಗಾಟವೆಂದು ಗ್ರಹಿಸುತ್ತದೆ. ಎಂಜಿನ್ನಿನ ಮಿಡಿತವು ಈ ಎರಡು ಗ್ರಹಣಗಳ ಗಡಿಯಲ್ಲಿಯೇ ಹುಟ್ಟಿ ಕ್ರಮೇಣ ಶ್ರವಣದ ಸೀಮೆಯನ್ನು ಪ್ರವೇಶಿಸುತ್ತದೆ. ಆದಕಾರಣ ಅದನ್ನು ಕಂಪನವೆನ್ನುವುದೂ ಶಬ್ದವೆನ್ನುವುದೂ ಗ್ರಹಿಸುವವನ ಇಂದ್ರಿಯವನ್ನು ಅವಲಂಬಿಸಿದ ಮಾತು. ವಸ್ತುವಿನಲ್ಲಿ ನಡೆಯುತ್ತಿರುವುದು ಒಂದೇ ಚಲನೆ.

ಆ ಚಲನೆಗೆ ಇಂಧನದ ಸ್ಫೋಟವೊಂದೇ ಕಾರಣವಲ್ಲ. ಪಿಸ್ಟನ್ನು ಮೇಲಕ್ಕೂ ಕೆಳಕ್ಕೂ ಓಡುತ್ತದೆ. ಅದನ್ನು ಕ್ರ್ಯಾಂಕಿಗೆ ಕೂಡಿಸುವ ಕನೆಕ್ಟಿಂಗ್ ರಾಡು ಓರೆಯಾಗಿ ತೂಗುತ್ತ ಸಾಗುತ್ತದೆ. ಈ ಓರೆಯ ದೆಸೆಯಿಂದ ಪಿಸ್ಟನ್ನಿನ ವೇಗದ ಬದಲಾವಣೆಯು ಮೇಲಿನ ತುದಿಯಲ್ಲಿ ತೀಕ್ಷ್ಣವಾಗಿಯೂ ಕೆಳಗಿನ ತುದಿಯಲ್ಲಿ ಮಂದವಾಗಿಯೂ ಇರುತ್ತದೆ. ಎರಡು ಪಿಸ್ಟನ್ನುಗಳು ಏರುವಾಗ ಉಳಿದೆರಡು ಇಳಿಯುವುದರಿಂದ ಅವುಗಳ ಮುಖ್ಯ ಬಲಗಳು ಪರಸ್ಪರ ಸರಿದೂಗಿ ಅಳಿದುಹೋಗುತ್ತವೆ. ಆದರೆ ಓರೆಯಿಂದ ಹುಟ್ಟಿದ ಶೇಷಬಲವು ನಾಲ್ಕರಲ್ಲಿಯೂ ಒಂದೇ ದಿಕ್ಕಿಗೆ ಕೂಡಿ, ಸುತ್ತಿಗೆ ಎರಡು ಬಾರಿ ಇಡೀ ಎಂಜಿನ್ನನ್ನು ಮೇಲಕ್ಕೂ ಕೆಳಕ್ಕೂ ಅಲುಗಿಸುತ್ತದೆ. ಇಲ್ಲಿ ಗಮನಿಸತಕ್ಕದ್ದೇನೆಂದರೆ, ಯಾವ ಭಾಗವೂ ಸವೆದಿಲ್ಲ, ಯಾವ ಕೆಲಸಗಾರನೂ ತಪ್ಪಿಲ್ಲ. ನಿರ್ದುಷ್ಟವಾಗಿ ನಿರ್ಮಿತವಾದ ಎಂಜಿನ್ನೂ ಅಲುಗುತ್ತದೆ. ಆ ಕಂಪನವು ಅದರ ರಚನೆಯ ರೇಖಾಗಣಿತದಲ್ಲಿಯೇ ಅಡಗಿರತಕ್ಕದ್ದು. ಪ್ರಕೃತಿಯಲ್ಲಿ ರಜೋಗುಣವು ಸಹಜವೆಂದು ಸಾಂಖ್ಯರು ಹೇಳಿದಾಗ ಅವರ ಅಭಿಪ್ರಾಯವೂ ಈ ಬಗೆಯದೇ. ಪ್ರವೃತ್ತಿಯುಳ್ಳದ್ದು ಅಲುಗಲೇಬೇಕು, ಅಲುಗುವುದೇ ಪಾಪವೆಂದು ಭಾವಿಸುವವನು ನಡೆಯುವುದನ್ನೇ ಬಿಡಬೇಕಾದೀತು.

ಮೂಲದಿಂದ ಹೊರಟ ಕಂಪನಕ್ಕೆ ಕಿವಿಯನ್ನು ಸೇರಲು ಎರಡು ಬಗೆಯ ದಾರಿಗಳುಂಟು. ಎಂಜಿನ್ನಿನ ಮೈಯಿಂದಲೂ ಸೈಲೆನ್ಸರಿನ ಬಾಯಿಂದಲೂ ನೇರವಾಗಿ ಗಾಳಿಗೆ ಇಳಿದು, ಸಂದುಗಳ ಮೂಲಕವೂ ತಗಡನ್ನು ಭೇದಿಸಿಯೂ ಒಳಹೊಗುವುದು ವಾಯುಮಾರ್ಗ. ಎಂಜಿನ್ನಿನ ಮೌಂಟಿಂಗುಗಳು, ಸೈಲೆನ್ಸರನ್ನು ತೂಗಹಾಕಿರುವ ರಬ್ಬರಿನ ಕೊಂಡಿಗಳು, ಗೇರಿನ ಕೇಬಲ್ಲುಗಳು, ಸ್ಟಿಯರಿಂಗಿನ ಕಂಬ, ಇವುಗಳ ಮೂಲಕ ಕಬ್ಬಿಣದಿಂದ ಕಬ್ಬಿಣಕ್ಕೆ ಹರಿದು, ಕಟ್ಟಕಡೆಗೆ ನೆಲದ ತಗಡನ್ನೋ ಛಾವಣಿಯನ್ನೋ ನಡುಗಿಸಿ ಅಲ್ಲಿ ಶಬ್ದರೂಪವನ್ನು ತಾಳುವುದು ಘನಮಾರ್ಗ. ಸೆಕೆಂಡಿಗೆ ಕೆಲವು ನೂರು ಕಂಪನಗಳವರೆಗಿನ ಮಂದ್ರನಾದವು ಬಹುಮಟ್ಟಿಗೆ ಘನಮಾರ್ಗದಿಂದಲೂ, ಅದಕ್ಕಿಂತ ತೀವ್ರವಾದದ್ದು ಬಹುಮಟ್ಟಿಗೆ ವಾಯುಮಾರ್ಗದಿಂದಲೂ ಬರುತ್ತದೆ. ವಾಯುಮಾರ್ಗದ ವಿಚಾರದಲ್ಲಿ ನಮ್ಮ ನಾಡಿನ ಕೊಡುಗೆಯೂ ಅಲ್ಪವಲ್ಲ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಚಾರ್ಯರಾಗಿದ್ದ ಎಂ. ಎಲ್. ಮುಂಜಾಲರು ನಳಿಕೆಗಳ ಮತ್ತು ಸೈಲೆನ್ಸರುಗಳ ಧ್ವನಿಶಾಸ್ತ್ರವನ್ನು ಕುರಿತು ರಚಿಸಿ 1987ರಲ್ಲಿ ಪ್ರಕಟಿಸಿದ ಗ್ರಂಥವು ಆ ವಿಷಯದಲ್ಲಿ ಅನೇಕ ದೇಶಗಳ ವಿದ್ವಾಂಸರಿಗೆ ಆಧಾರವಾಗಿದೆ.

ಇನ್ನು ಮೂರನೆಯದು, ಸ್ವೀಕರಿಸುವ ಒಳಾವರಣ. ಇದರ ಪಾತ್ರವನ್ನು ಜನರು ಸಾಮಾನ್ಯವಾಗಿ ಎಣಿಕೆಗೇ ತೆಗೆದುಕೊಳ್ಳುವುದಿಲ್ಲ. ಪ್ರತಿಯೊಂದು ತಗಡಿಗೂ, ಗಾಜಿಗೂ, ಮುಚ್ಚಿದ ಗಾಳಿಯ ರಾಶಿಗೂ ತನಗೆ ಸಹಜವಾದ ಒಂದು ಲಯವಿದೆ, ಅಲ್ಲ, ಹಲವು ಲಯಗಳಿವೆ. ತೂಗುವ ತೊಟ್ಟಿಲಿಗೆ ಅದರ ಓಲಾಟದ ಸಮಯವನ್ನರಿತು ಕಿರುಬೆರಳು ತಾಗಿಸಿದರೂ ಅದು ದೊಡ್ಡದಾಗಿ ತೂಗುವುದೂ, ಹೊತ್ತುತಪ್ಪಿ ಬಲವಾಗಿ ನೂಕಿದರೂ ತಡವರಿಸಿ ನಿಲ್ಲುವುದೂ ಎಲ್ಲ ತಾಯಂದಿರೂ ಬಲ್ಲ ಸಂಗತಿ. ಹೊರಗಿನಿಂದ ಬಂದ ಕಂಪನದ ಲಯವೂ ವಸ್ತುವಿನ ಸಹಜ ಲಯವೂ ಒಂದಾದಾಗ ಅಲ್ಪಬಲವೂ ಮಹತ್ತಾದ ಚಲನೆಯನ್ನು ಎಬ್ಬಿಸುತ್ತದೆ, ಇದನ್ನು ಅನುರಣನವೆನ್ನುತ್ತಾರೆ. ಕಾರಿನ ಒಳಾವರಣದ ಉದ್ದ ಎರಡೂವರೆ ಮೀಟರೆಂದು ಇಟ್ಟುಕೊಳ್ಳೋಣ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಸಾಗುವುದರಿಂದ, ಆ ಗಾಳಿಯ ರಾಶಿ ಮುಂದಿನಿಂದ ಹಿಂದಕ್ಕೆ ಓಲಾಡುವ ಮೊದಲನೆಯ ಸಹಜ ಲಯವು ಸೆಕೆಂಡಿಗೆ ಸುಮಾರು 68 ಕಂಪನಗಳಷ್ಟಾಗುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ ಎರಡು ಸಾವಿರ ಸುತ್ತಿನ ಆಸುಪಾಸಿನಲ್ಲಿದ್ದಾಗ ಅದರ ನೂಕುಗಳ ಲಯವೂ ಇಷ್ಟೇ. ಆಗ ಕಿವಿಯನ್ನು ಒತ್ತುವಂಥ ಘನವಾದ ಗುಂಯಾರವ ಏಳುತ್ತದೆ. ವೇಗ ಸ್ವಲ್ಪ ಏರಿದರೆ ಮಾಯವಾಗುತ್ತದೆ. ಅದರಲ್ಲಿಯೂ ಒಂದು ವಿಶೇಷವುಂಟು: ಈ ಲಯದಲ್ಲಿ ಒತ್ತಡದ ಏರಿಳಿತವು ಒಳಾವರಣದ ಎರಡು ತುದಿಗಳಲ್ಲಿ ಅತ್ಯಧಿಕವಾಗಿಯೂ ಮಧ್ಯದಲ್ಲಿ ಅತ್ಯಲ್ಪವಾಗಿಯೂ ಇರುತ್ತದೆ. ಆದ್ದರಿಂದ ಹಿಂದಿನ ಸೀಟಿನವನು ಸಂಕಟಪಡುತ್ತಿರುವಾಗ ಮುಂದಿನ ಸೀಟಿನವನು, ಸದ್ದೇ ಇಲ್ಲವಲ್ಲ, ಎಂದು ಪ್ರಾಮಾಣಿಕವಾಗಿಯೇ ಹೇಳಬಹುದು. ಒಂದೇ ಮನೆಯಲ್ಲಿ ಬಾಳುವ ಇಬ್ಬರಲ್ಲಿ ಒಬ್ಬರ ನೋವು ಮತ್ತೊಬ್ಬರಿಗೆ ಕೇಳಿಸದಿರುವುದಕ್ಕೆ ದುರ್ಬುದ್ಧಿಯೇ ಕಾರಣವಾಗಬೇಕಾಗಿಲ್ಲವೆಂಬ ಉದಾರವಾದ ತಿಳಿವಳಿಕೆ ಇದರಿಂದ ನಮಗೆ ದೊರೆಯಬೇಕು.

ಘಟ್ಟ ಏರುವ ಹಳೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತವರು ಅನುರಣನದ ಈ ಸತ್ಯವನ್ನು ಕೈಯಾರೆ ಪರೀಕ್ಷಿಸಬಹುದು. ಚಾಲಕನ ಎಡಕ್ಕೆ, ರೆಕ್ಸಿನ್ನು ಹೊದಿಸಿದ ಬಾನೆಟ್ಟಿನ ಕೆಳಗೆ ಎಂಜಿನ್ನು ದುಡಿಯುತ್ತಿರುತ್ತದೆ. ತಿರುವಿನಲ್ಲಿ ಗೇರು ಇಳಿದು, ಮತ್ತೆ ವೇಗ ಮೆಲ್ಲನೆ ಏರುತ್ತಿರುವಾಗ, ಅದುವರೆಗೆ ಮೌನವಾಗಿದ್ದ ಕಿಟಕಿಯ ಗಾಜು ತನ್ನ ಸವೆದ ಕಾಲುವೆಯಲ್ಲಿ ಒಮ್ಮಿಂದೊಮ್ಮೆಗೆ ಕಟಕಟನೆ ನಡುಗತೊಡಗುತ್ತದೆ. ಎಂಜಿನ್ನಿನ ಬಲ ಆ ಕ್ಷಣದಲ್ಲಿ ಹೆಚ್ಚಿದ್ದಲ್ಲ. ಅದರ ಲಯ ಗಾಜಿನ ಲಯಕ್ಕೆ ತಾಗಿದೆ, ಅಷ್ಟೆ. ಅಂಗೈಯನ್ನು ಗಾಜಿಗೆ ಒತ್ತಿ ಹಿಡಿದರೆ ನಡುಕ ನಿಲ್ಲುತ್ತದೆ; ಎಂಜಿನ್ನು ಮೊದಲಿನಂತೆಯೇ ಗರ್ಜಿಸುತ್ತಿದೆ, ರಸ್ತೆ ಮೊದಲಿನಂತೆಯೇ ಏರುತ್ತಿದೆ. ಇನ್ನೂ ಮುಂದೆ ಹೋದರೆ ಈ ಗಾಜು ತಾನಾಗಿಯೇ ಸುಮ್ಮನಾಗಿ, ಹಿಂದಿನ ಸಾಲಿನ ಸೀಟಿನ ಕಂಬಿಯೊಂದು ಮಾತಾಡತೊಡಗುತ್ತದೆ. ಒಂದೇ ಎಂಜಿನ್ನು ಒಂದೊಂದು ವೇಗದಲ್ಲಿ ಒಂದೊಂದು ವಸ್ತುವನ್ನು ಮಾತನಾಡಿಸುತ್ತ ಹೋಗುವ ಈ ವಿಚಿತ್ರವನ್ನು ಕಂಡವನು, ಸದ್ದು ಎಂಜಿನ್ನಿನದು ಎಂದಷ್ಟೇ ಹೇಳಿ ತೃಪ್ತನಾಗಲಾರನು.

ನಮ್ಮ ದಾರ್ಶನಿಕರಿಗೆ ಈ ಸೂಕ್ಷ್ಮವು ಅಪರಿಚಿತವಾಗಿರಲಿಲ್ಲ. ಶಬ್ದವು ಸಂಯೋಗದಿಂದಲೂ ವಿಭಾಗದಿಂದಲೂ ಮತ್ತೊಂದು ಶಬ್ದದಿಂದಲೂ ಹುಟ್ಟುತ್ತದೆಂದು ವೈಶೇಷಿಕರು ವಿವರಿಸಿದರು. ಅದು ನೀರಿನ ತೆರೆಯಂತೆ ಒಂದರಿಂದೊಂದಾಗಿ ಹಬ್ಬುವುದೋ, ಕದಂಬದ ಹೂವಿನ ಎಸಳುಗಳಂತೆ ಎಲ್ಲ ದಿಕ್ಕಿಗೂ ಏಕಕಾಲದಲ್ಲಿ ಒಡೆಯುವುದೋ ಎಂದು ನೈಯಾಯಿಕರು ಚರ್ಚಿಸಿದರು. ಪೆಟ್ಟಿನಿಂದ ಪ್ರೇರಿತವಾದ ಗಾಳಿಯು ಸ್ತಬ್ಧವಾಗಿರುವ ಗಾಳಿಯನ್ನು ತಾಡಿಸಿ ಎಲ್ಲ ಕಡೆಗೂ ಸಂಯೋಗವಿಭಾಗಗಳನ್ನು ಉಂಟುಮಾಡುತ್ತ ಸಾಗುತ್ತದೆಂಬ ಶಬರಸ್ವಾಮಿಯ ವಿವರಣೆಯು ಇಂದಿನ ಭೌತಶಾಸ್ತ್ರಕ್ಕೆ ಅಚ್ಚರಿಯೆನಿಸುವಷ್ಟು ಸಮೀಪವಾಗಿದೆ. ಶಬ್ದವು ಆಕಾಶದ ಗುಣವೆಂಬ ವೈಶೇಷಿಕ ಮತವನ್ನು ಇಂದು ನಾವು ಒಪ್ಪಬೇಕಾಗಿಲ್ಲ. ಆದರೆ ಒಂದು ಕಾರ್ಯಕ್ಕೆ ಸಮವಾಯಿ, ಅಸಮವಾಯಿ, ನಿಮಿತ್ತವೆಂದು ಹಲವು ಕಾರಣಗಳನ್ನು ಬೇರೆಬೇರೆಯಾಗಿ ಎಣಿಸಬೇಕೆಂಬ ಅವರ ಶಿಸ್ತನ್ನು ಇಂದಿನ ಪ್ರಯೋಗಶಾಲೆಯೂ ಪಾಲಿಸುತ್ತಿದೆ. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯರು ಮೈತ್ರೇಯಿಗೆ ಕೊಡುವ ದುಂದುಭಿಯ ದೃಷ್ಟಾಂತವಂತೂ ಇಲ್ಲಿ ಅತ್ಯಂತ ಪ್ರಸ್ತುತವಾದದ್ದು. ಬಾರಿಸಲ್ಪಡುತ್ತಿರುವ ದುಂದುಭಿಯಿಂದ ಹೊರಬಿದ್ದ ಸದ್ದುಗಳನ್ನು ಬಿಡಿಬಿಡಿಯಾಗಿ ಹಿಡಿಯಲಾಗದು. ದುಂದುಭಿಯನ್ನಾಗಲಿ ಅದನ್ನು ಬಾರಿಸುವವನನ್ನಾಗಲಿ ಹಿಡಿದರೆ ಸದ್ದೂ ಹಿಡಿಯಲ್ಪಟ್ಟಂತೆ. ಋಷಿಯ ಉದ್ದೇಶವು ಆತ್ಮಜ್ಞಾನ. ಸದ್ದಿನ ಬೆನ್ನುಹತ್ತದೆ ಕಾರಣದ ಕಡೆಗೆ ತಿರುಗಬೇಕೆಂಬ ವಿಚಾರಮಾರ್ಗವಾದರೋ ಎಲ್ಲ ಶೋಧನೆಗೂ ಸಾಧಾರಣವಾದದ್ದು.

ಆ ಶೋಧನೆ ಹೇಗೆ ನಡೆಯುತ್ತದೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಚಾಲಕನ ಕಿವಿಯ ಬಳಿ ಮೈಕ್ರೊಫೋನನ್ನೂ, ಪ್ರತಿಯೊಂದು ಮೌಂಟಿಂಗಿನ ಎರಡೂ ಮಗ್ಗುಲಿನಲ್ಲಿ ಕಂಪನಮಾಪಕಗಳನ್ನೂ ಇಟ್ಟು, ಎಂಜಿನ್ನಿನ ವೇಗವನ್ನು ಕೆಳಗಿನಿಂದ ಮೇಲಕ್ಕೆ ಸಾವಕಾಶವಾಗಿ ಏರಿಸುತ್ತ ಹೋಗುತ್ತಾರೆ. ಎಷ್ಟೇ ಜಟಿಲವಾದ ಕಂಪನವನ್ನೂ ಸರಳವಾದ ಲಯಗಳ ಮೊತ್ತವನ್ನಾಗಿ ಬಿಡಿಸಿ ತೋರಿಸುವ ಗಣಿತವನ್ನು ಫ್ರಾನ್ಸಿನ ಫೂರಿಯೆ ಮಹಾಶಯನು ಶಾಖದ ಹರಿವನ್ನು ಕುರಿತ ತನ್ನ 1822ರ ಗ್ರಂಥದಲ್ಲಿ ಲೋಕಕ್ಕೆ ಕೊಟ್ಟಿದ್ದಾನೆ. ಅದರ ಸಹಾಯದಿಂದ ಒಂದೊಂದು ವೇಗದಲ್ಲಿ ಯಾವ ಯಾವ ಲಯ ಎಷ್ಟೆಷ್ಟು ಇದೆಯೆಂದು ಗುಣಿಸಿ, ವೇಗವನ್ನು ಒಂದು ಅಕ್ಷದಲ್ಲಿಯೂ ಲಯವನ್ನು ಮತ್ತೊಂದು ಅಕ್ಷದಲ್ಲಿಯೂ ಇಟ್ಟು ನಕ್ಷೆ ಬರೆಯುತ್ತಾರೆ. ಆ ನಕ್ಷೆಯಲ್ಲಿ ಎರಡು ಜಾತಿಯ ಗೆರೆಗಳು ಕಾಣಿಸುತ್ತವೆ. ಎಂಜಿನ್ನು ವೇಗವಾದಂತೆಲ್ಲ ತಾವೂ ಏರುವ ಓರೆಗೆರೆಗಳು ಕೆಲವು; ಎಂಜಿನ್ನು ಎಷ್ಟೇ ಓಡಲಿ, ತಮ್ಮ ಸ್ಥಾನವನ್ನು ಬಿಡದೆ ನಿಂತಿರುವ ನೇರಗೆರೆಗಳು ಕೆಲವು. ಓರೆಗೆರೆಗಳು ಪ್ರೇರಣೆಯವು, ನೇರಗೆರೆಗಳು ವಾಹನದ ದೇಹದ ಸ್ವಭಾವದವು. ಇವೆರಡೂ ಒಂದನ್ನೊಂದು ಹಾಯುವ ಸ್ಥಳದಲ್ಲಿ ಸದ್ದು ಭುಗಿಲೇಳುತ್ತದೆ. ಜೀವನದಲ್ಲಿ ನಮ್ಮ ಸಿಟ್ಟು, ನಮ್ಮ ಭಯ, ನಮ್ಮ ಹಂಬಲಗಳನ್ನು ಹೀಗೆ ಬಹುಕಾಲದ ಉದ್ದಕ್ಕೂ ಹರಡಿ ನೋಡುವ ತಾಳ್ಮೆ ನಮಗಿದ್ದರೆ, ಸನ್ನಿವೇಶ ಬದಲಾದಂತೆ ಬದಲಾದದ್ದು ಯಾವುದು, ಊರು ಬದಲಾದರೂ ಉದ್ಯೋಗ ಬದಲಾದರೂ ಒಡನಾಡಿಗಳು ಬದಲಾದರೂ ಅದೇ ಜಾಗದಲ್ಲಿ ನಿಂತದ್ದು ಯಾವುದು ಎಂಬುದು ಸ್ಪಷ್ಟವಾದೀತು. ಒಂದು ದಿನದ ಕ್ಷೋಭೆಯನ್ನು ನೋಡಿ ಅದು ಲೋಕದ ತಪ್ಪೋ ನಮ್ಮ ಸ್ವಭಾವವೋ ಎಂದು ನಿರ್ಣಯಿಸಲಾಗದು. ಹಲವು ವೇಗಗಳಲ್ಲಿ ನೋಡಿದವನಿಗೆ ಮಾತ್ರ ಆ ವಿವೇಕ ಲಭಿಸುತ್ತದೆ.

ಎಂಜಿನ್ನನ್ನು ನಿಲ್ಲಿಸಿ ಮಾಡುವ ಪರೀಕ್ಷೆ ಇನ್ನೊಂದಿದೆ. ಪರೀಕ್ಷಕನು ಸಣ್ಣ ಸುತ್ತಿಗೆಯೊಂದರಿಂದ ದೇಹದ ಒಂದೊಂದು ಬಿಂದುವನ್ನೂ ಮೆಲ್ಲನೆ ತಟ್ಟುತ್ತಾನೆ. ಸುತ್ತಿಗೆಯ ತುದಿಯಲ್ಲಿ ಪೆಟ್ಟಿನ ಬಲವನ್ನು ಅಳೆಯುವ ಸಾಧನವಿದೆ. ತಗಡಿಗೆ ಮೇಣದಿಂದ ಅಂಟಿಸಿದ, ಬೆರಳ ತುದಿಯಷ್ಟು ಚಿಕ್ಕದಾದ ಕಂಪನಮಾಪಕವು ಅದಕ್ಕೆ ಬಂದ ಉತ್ತರವನ್ನು ಬರೆದಿಡುತ್ತದೆ. ಈ ಮಾಪಕವು ಕೆಲವೇ ಗ್ರಾಂ ತೂಗತಕ್ಕದ್ದು. ತೆಳುವಾದ ತಗಡಿನ ಮೇಲೆ ಭಾರವಾದ ಮಾಪಕವನ್ನಿಟ್ಟರೆ ಅದರ ಭಾರದಿಂದಲೇ ತಗಡಿನ ಲಯವು ತಗ್ಗಿ, ಪರೀಕ್ಷಕನು ಅಳೆಯುವುದು ತಾನೇ ಕೆಡಿಸಿದ ಸ್ಥಿತಿಯನ್ನು. ಸಾಕ್ಷಿಯ ಸ್ವರೂಪವನ್ನು ಕುರಿತು ವೇದಾಂತಿಗಳು ಹೇಳುವ ಮಾತಿಗೆ ಇದಕ್ಕಿಂತ ಉತ್ತಮವಾದ ನಿದರ್ಶನವನ್ನು ನಾನು ಕಂಡಿಲ್ಲ. ತನ್ನ ಕೋಪವನ್ನು ತಾನೇ ನೋಡಿಕೊಳ್ಳಲು ಕುಳಿತವನು ಆ ನೋಟದ ಮೇಲೆ ನಾಚಿಕೆಯ ಭಾರವನ್ನೋ ಅಭಿಮಾನದ ಭಾರವನ್ನೋ ಹೇರಿದರೆ ಅವನಿಗೆ ಕಾಣುವುದು ಕೋಪವಲ್ಲ. ನಾಚಿಕೆಯಿಂದ ಬಾಗಿದ ಅಥವಾ ಅಭಿಮಾನದಿಂದ ಬಣ್ಣಗೊಂಡ ಇನ್ನೇನೋ. ನೋಡುವವನು ಹಗುರವಾಗಿರಬೇಕು. ಆ ಹಗುರತೆಯು ಔದಾಸೀನ್ಯವಲ್ಲ, ಏಕೆಂದರೆ ಮಾಪಕವು ತಗಡಿಗೆ ಬಿಗಿಯಾಗಿ ಅಂಟಿಯೇ ಇರುತ್ತದೆ. ಅಂಟಿದ್ದೂ ಒತ್ತದಿರುವುದು ಅದರ ಯೋಗ್ಯತೆ.

ಶೋಧನೆಯಲ್ಲಿ ಕೆಲವೊಮ್ಮೆ ಅನಿರೀಕ್ಷಿತವಾದ ಫಲವೂ ದೊರೆಯುತ್ತದೆ. ಹಲವು ಮಾರ್ಗಗಳಿಂದ ಬಂದ ಕಂಪನಗಳು ಕಿವಿಯ ಬಳಿ ಸೇರುವಾಗ ಅವು ಕೇವಲ ಮೊತ್ತವಾಗುವುದಿಲ್ಲ. ಒಂದು ಒತ್ತುವ ಕ್ಷಣದಲ್ಲಿ ಮತ್ತೊಂದು ಸೆಳೆಯುತ್ತಿದ್ದರೆ ಅವು ಪರಸ್ಪರ ಅಳಿಸಿಕೊಳ್ಳುತ್ತವೆ. ಅಂಥ ಸಂದರ್ಭದಲ್ಲಿ ಒಂದು ಮಾರ್ಗವನ್ನು ಸಂಪೂರ್ಣವಾಗಿ ತಡೆದರೆ ಸದ್ದು ಕಡಿಮೆಯಾಗುವ ಬದಲು ಏರುತ್ತದೆ: ಇದುವರೆಗೆ ಅದರಿಂದ ಮರೆಯಾಗಿದ್ದದ್ದು ಈಗ ಪ್ರಕಟವಾಗುತ್ತದೆ. ಅನುಭವವಿಲ್ಲದವನು ಇದನ್ನು ಕಂಡು ತನ್ನ ಚಿಕಿತ್ಸೆಯೇ ತಪ್ಪೆಂದು ಹಿಂದೆಗೆಯುತ್ತಾನೆ. ಅನುಭವಿಯು ಎರಡನೆಯ ಮಾರ್ಗವನ್ನೂ ಹುಡುಕಿಕೊಂಡು ಹೋಗುತ್ತಾನೆ. ಕೋಪವನ್ನು ಬಿಟ್ಟವನು ತನ್ನಲ್ಲಿ ಅದುವರೆಗೆ ಕಾಣದಿದ್ದ ಭೀತಿಯನ್ನು ಕಾಣುವುದುಂಟು. ಲೋಭವನ್ನು ಜಯಿಸಿದವನಲ್ಲಿ ತ್ಯಾಗದ ಗರ್ವ ತಲೆಯೆತ್ತುವುದುಂಟು. ಸಾಧನೆಯ ನಡುವೆ ಹೆಚ್ಚಿದಂತೆ ತೋರುವ ಅಶಾಂತಿಯು ಎಲ್ಲ ಸಂದರ್ಭದಲ್ಲಿಯೂ ಪತನದ ಚಿಹ್ನೆಯಾಗಬೇಕಾಗಿಲ್ಲವೆಂಬುದನ್ನು ತಿಳಿದವನು ಧೈರ್ಯಗೆಡನು.

ಇಲ್ಲಿ ಒಂದು ಗಂಭೀರವಾದ ಆಕ್ಷೇಪಣೆಗೆ ಉತ್ತರ ಹೇಳಲೇಬೇಕು. ಸದ್ದು ಸ್ವೀಕರಿಸುವವನ ಸ್ವಭಾವದಿಂದಲೂ ಹುಟ್ಟುತ್ತದೆಂದರೆ, ಹಿಂಸೆಯನ್ನು ಅನುಭವಿಸುವವನಿಗೇ, ತಪ್ಪು ನಿನ್ನ ಮನಸ್ಸಿನದು, ಸಹಿಸಿಕೋ, ಎಂದು ಬೋಧಿಸಿದಂತಾಗಲಿಲ್ಲವೆ? ಬಲಶಾಲಿಗಳು ದುರ್ಬಲರಿಗೆ ಈ ಬೋಧೆಯನ್ನು ಬಹುಕಾಲದಿಂದ ಮಾಡುತ್ತಲೇ ಬಂದಿದ್ದಾರೆ. ಮನಶ್ಶಾಂತಿಯ ಹೆಸರಿನಲ್ಲಿ ಅನ್ಯಾಯವನ್ನು ಮುಚ್ಚಿಟ್ಟ ಉದಾಹರಣೆಗಳಿಗೆ ಎಲ್ಲಿಯೂ ಕೊರತೆಯಿಲ್ಲ. ಯಂತ್ರಶಾಸ್ತ್ರದ ಉತ್ತರವು ಈ ವಿಷಯದಲ್ಲಿ ನಿಸ್ಸಂದಿಗ್ಧವಾದದ್ದು: ಮೊದಲನೆಯ ಕರ್ತವ್ಯ ಮೂಲದಲ್ಲಿಯೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಲಾಂಚೆಸ್ಟರನು ನಾಲ್ಕು ಸಿಲಿಂಡರಿನ ಎಂಜಿನ್ನಿನ ಶೇಷಕಂಪನವನ್ನು ನೋಡಿ, ಪ್ರಯಾಣಿಕರು ಅದಕ್ಕೆ ಒಗ್ಗಿಕೊಳ್ಳಲೆಂದು ಬಿಡಲಿಲ್ಲ. ಕ್ರ್ಯಾಂಕಿನ ಇಮ್ಮಡಿ ವೇಗದಲ್ಲಿ ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ತಿರುಗುವ ಎರಡು ಸಮತೋಲನ ದಂಡಗಳನ್ನು ಕಲ್ಪಿಸಿ, ಆ ಬಲವನ್ನು ಹುಟ್ಟಿದ ಸ್ಥಳದಲ್ಲಿಯೇ ಸರಿದೂಗಿಸಿದನು. ಅವನ ತತ್ತ್ವವು ಇಂದಿಗೂ ಅನೇಕ ಎಂಜಿನ್ನುಗಳಲ್ಲಿ ದುಡಿಯುತ್ತಿದೆ. ಮೂಲದಲ್ಲಿ ತಗ್ಗಿಸಬಹುದಾದದ್ದನ್ನು ತಗ್ಗಿಸದೆ ಸ್ವೀಕರಿಸುವವನ ಕಿವಿಗೆ ಹತ್ತಿಯಿಡುವುದು ಶಾಸ್ತ್ರವೂ ಅಲ್ಲ, ಧರ್ಮವೂ ಅಲ್ಲ. ಸ್ವೀಕರಿಸುವವನ ಸ್ವಭಾವವನ್ನು ವಿಚಾರಿಸುವುದು ಮೂಲದ ಹೊಣೆಯನ್ನು ಕಳೆಯುವುದಕ್ಕಲ್ಲ. ಮೂಲವು ತನ್ನ ಕರ್ತವ್ಯವನ್ನೆಲ್ಲ ಮಾಡಿದ ಮೇಲೂ ಉಳಿಯುವ ಶೇಷಕ್ಕೆ ದಾರಿ ಕಾಣುವುದಕ್ಕೆ.

ಆ ಶೇಷಕ್ಕೆ ಕಂಡುಕೊಂಡ ಉಪಾಯಗಳಲ್ಲಿ ಎಂಜಿನ್ನನ್ನು ಕೂರಿಸುವ ರೀತಿಯೇ ಅಗ್ರಗಣ್ಯವಾದದ್ದು. ಮೊದಮೊದಲು ಎಂಜಿನ್ನನ್ನು ಚಾಸಿಗೆ ಬಿಗಿಯಾಗಿ ಬೋಲ್ಟು ಹಾಕಿ ಕಟ್ಟುತ್ತಿದ್ದರು. ಅದು ಅಲುಗಿದರೆ ಇಡೀ ವಾಹನವೇ ಅಲುಗುತ್ತಿತ್ತು. 1931ರಲ್ಲಿ ಅಮೆರಿಕದ ಕ್ರೈಸ್ಲರ್ ಸಂಸ್ಥೆಯವರು ತಮ್ಮ ಪ್ಲಿಮತ್ ಕಾರಿನಲ್ಲಿ, ಎಂಜಿನ್ನು ತನ್ನ ಭಾರಕೇಂದ್ರದ ಮೂಲಕ ಹಾಯುವ ಅಕ್ಷದ ಸುತ್ತ ಸಹಜವಾಗಿ ಓಲಾಡುವಂತೆ, ಮುಂದೆ ಎತ್ತರದಲ್ಲಿ ಒಂದು, ಹಿಂದೆ ತಗ್ಗಿನಲ್ಲಿ ಒಂದು ರಬ್ಬರಿನ ಆಸರೆಗಳನ್ನು ಕೊಟ್ಟು, ಅದನ್ನು ತೇಲುವ ಶಕ್ತಿಯೆಂದು ಕರೆದರು. ಮರುವರ್ಷ ಫ್ರಾನ್ಸಿನ ಸಿಟ್ರೋಯೆನ್ ಸಂಸ್ಥೆ ಅದೇ ಕ್ರಮವನ್ನು ಸ್ವೀಕರಿಸಿ, ಅಂಥ ಕಾರುಗಳ ಮೂತಿಯ ಮೇಲೆ ನೀರಿನಲ್ಲಿ ತೇಲುವ ಹಂಸದ ಲಾಂಛನವನ್ನು ಇರಿಸಿತು. ನೀರಿನಲ್ಲಿದ್ದೂ ನೀರು ಅಂಟದ ಹಂಸವನ್ನು ಜ್ಞಾನಿಯ ಸಂಕೇತವಾಗಿ ಕಂಡ ನಮಗೆ ಆ ಲಾಂಛನವು ಬಹು ಅರ್ಥವತ್ತಾಗಿ ತೋರುತ್ತದೆ. ಏಕೆಂದರೆ ಅಲ್ಲಿ ಸಾಧಿತವಾದದ್ದು ನಿಜವಾದ ಅಸಂಗ: ಎಂಜಿನ್ನಿನ ಶಕ್ತಿ ಚಕ್ರಕ್ಕೆ ಪೂರ್ಣವಾಗಿ ಸಲ್ಲುತ್ತದೆ, ಅದರ ಚಾಂಚಲ್ಯ ಮಾತ್ರ ದೇಹಕ್ಕೆ ದಾಟುವುದಿಲ್ಲ.

ಆದರೆ ಈ ಅಸಂಗಕ್ಕೆ ಕಠಿನವಾದ ನಿಯಮವೊಂದುಂಟು. ಎಂಜಿನ್ನು ತನ್ನ ರಬ್ಬರಿನ ಮೇಲೆ ಓಲಾಡುವ ಸಹಜ ಲಯಕ್ಕಿಂತ ಹೊರಗಿನ ಪ್ರೇರಣೆಯ ಲಯವು ಸುಮಾರು 1.4 ಪಟ್ಟಿಗೂ ಮಿಗಿಲಾದ ಮೇಲೆಯೇ ಆಸರೆಯು ಕಂಪನವನ್ನು ತಗ್ಗಿಸಲು ತೊಡಗುತ್ತದೆ. ಅದಕ್ಕಿಂತ ಕೆಳಗೆ, ಅದರಲ್ಲಿಯೂ ಎರಡು ಲಯಗಳೂ ಸಮೀಪಿಸಿದಾಗ, ಅದೇ ರಬ್ಬರು ಕಂಪನವನ್ನು ಬೆಳೆಸುತ್ತದೆ. ಸೆಕೆಂಡಿಗೆ 25ರಷ್ಟು ಬರುವ ನೂಕನ್ನು ತಡೆಯಬೇಕಾದರೆ ಆಸರೆಯ ಲಯವು 18ಕ್ಕಿಂತ ಸಾಕಷ್ಟು ಕೆಳಗಿರಬೇಕು. ಹಾಗೆಂದು ರಬ್ಬರನ್ನು ಅತಿ ಮೃದುವಾಗಿಸಿದರೆ ಗೇರು ಬದಲಿಸುವಾಗಲೂ ಹಳ್ಳಕ್ಕೆ ಚಕ್ರ ಬಿದ್ದಾಗಲೂ ಎಂಜಿನ್ನು ಹಿಡಿತವಿಲ್ಲದೆ ಎಗರಾಡುತ್ತದೆ. ಆದ್ದರಿಂದ ಈಚಿನ ಮೌಂಟಿಂಗುಗಳಲ್ಲಿ ರಬ್ಬರಿನೊಳಗೆ ದ್ರವವನ್ನು ತುಂಬಿ, ದೊಡ್ಡ ಚಲನೆ ಬಂದಾಗ ಆ ದ್ರವವು ಕಿರಿದಾದ ನಾಳದ ಮೂಲಕ ಹರಿದು ವೇಗವನ್ನು ಅಡಗಿಸುವಂತೆಯೂ, ಸಣ್ಣ ಕಂಪನಕ್ಕೆ ಅಡ್ಡಬಾರದಂತೆಯೂ ಏರ್ಪಡಿಸುತ್ತಾರೆ. ದೊಡ್ಡ ಆಘಾತಕ್ಕೆ ದೃಢವಾಗಿಯೂ ಸಣ್ಣ ತುಯ್ತಕ್ಕೆ ಮೃದುವಾಗಿಯೂ ಇರಬೇಕಾದ ಈ ಗುಣವು ಸಂಸಾರದಲ್ಲಿದ್ದು ನಿರ್ಲಿಪ್ತನಾಗಬಯಸುವವನಿಗೂ ಅಗತ್ಯವಾದದ್ದಲ್ಲವೆ? ಎಲ್ಲಕ್ಕೂ ಬಿಗಿಯಾದವನಿಗೆ ಪ್ರತಿಯೊಂದು ಮಾತೂ ಎಲುಬಿನವರೆಗೆ ತಾಗುತ್ತದೆ; ಎಲ್ಲಕ್ಕೂ ಸಡಿಲವಾದವನು ವಿಪತ್ತಿನ ವೇಳೆ ಸ್ಥಾನಭ್ರಷ್ಟನಾಗುತ್ತಾನೆ.

ಉಳಿದ ಉಪಾಯಗಳಿಗೂ ಅವುಗಳವೇ ಆದ ಮಿತಿಗಳಿವೆ. ತಗಡಿಗೆ ಡಾಂಬರಿನಂಥ ಲೇಪವನ್ನು ಹಚ್ಚಿದರೆ ಅದು ಕಂಪನದ ಶಕ್ತಿಯನ್ನು ಹೀರಿ ಶಾಖವಾಗಿ ಕರಗಿಸುತ್ತದೆ. ಅನುರಣನದ ಸ್ಥಳದಲ್ಲಿ ಇದು ಪರಮೌಷಧ, ಅನುರಣನವೇ ಇಲ್ಲದೆಡೆ ಇದರಿಂದ ಹೆಚ್ಚಿನ ಪ್ರಯೋಜನವಿಲ್ಲ. ವಾಯುಮಾರ್ಗದಲ್ಲಿ ಅಡ್ಡಗೋಡೆಯ ಭಾರವನ್ನು ಇಮ್ಮಡಿಗೊಳಿಸಿದರೆ ಸದ್ದು ಸುಮಾರು 6 ಡೆಸಿಬೆಲ್ ತಗ್ಗುತ್ತದೆ. ಗೀತೆಯು ಹೇಳುವ, ನದಿಗಳೆಲ್ಲ ಬಂದು ಸೇರಿದರೂ ಕದಲದ ಸಮುದ್ರದ ಗಾಂಭೀರ್ಯ ಈ ಬಗೆಯದು. ಆದರೆ ಭಾರವನ್ನೇ ಹೊರುತ್ತ ಹೋದ ವಾಹನ ದೂರ ಸಾಗಲಾರದು. ಒಂದು ಸದ್ದಿಗೆ ಅದರ ತದ್ವಿರುದ್ಧವಾದ ಸದ್ದನ್ನು ಹುಟ್ಟಿಸಿ ಎರಡನ್ನೂ ಅಳಿಸುವ ಉಪಾಯಕ್ಕೆ ಜರ್ಮನಿಯ ಪೌಲ್ ಲುಯೆಗನು 1936ರಲ್ಲಿ ಅಮೆರಿಕದ ಪೇಟೆಂಟನ್ನು ಪಡೆದನು. ಇಂದು ಹಲವು ಕಾರುಗಳಲ್ಲಿ ಧ್ವನಿವರ್ಧಕಗಳ ಮೂಲಕ ಅದು ಕಾರ್ಯಗತವಾಗಿದೆ. ಪತಂಜಲಿಯ ಯೋಗಸೂತ್ರದಲ್ಲಿ ಹೇಳಿರುವ ಪ್ರತಿಪಕ್ಷಭಾವನೆಯು, ಎಂದರೆ ಹಿಂಸೆಯ ಆಲೋಚನೆ ಎದ್ದಾಗ ಅದಕ್ಕೆ ವಿರುದ್ಧವಾದುದನ್ನು ಭಾವಿಸತಕ್ಕ ಸಾಧನೆಯು, ಇದೇ ಜಾತಿಯದು. ಆದರೆ ಪ್ರತಿನಾದವು ಕ್ಷಣಮಾತ್ರ ಹೊತ್ತುತಪ್ಪಿದರೂ ಅಳಿಸುವ ಬದಲು ಕೂಡಿಕೊಳ್ಳುತ್ತದೆ. ಒಂದು ಸ್ಥಳದಲ್ಲಿ ಮೌನವನ್ನು ತಂದದ್ದು ಮಗ್ಗುಲಲ್ಲಿಯೇ ಗದ್ದಲವನ್ನು ಹೆಚ್ಚಿಸಬಹುದು. ಅದರ ಶ್ರಮಕ್ಕೆ ವಿರಾಮವೂ ಇಲ್ಲ. ಅಂತೆಯೇ ಪ್ರತಿಪಕ್ಷಭಾವನೆಯು ನಿರಂತರವಾದ ಎಚ್ಚರವನ್ನು ಬೇಡುತ್ತದೆ. ಅದು ಅವಶ್ಯವಾದ ಸಾಧನ, ಆದರೆ ಕಡೆಯ ನಿಲ್ದಾಣವಲ್ಲ.

ಎಂಜಿನ್ನೇ ಇಲ್ಲವಾದರೆ ಈ ತೊಡಕೆಲ್ಲ ತೀರೀತೆಂದು ಭಾವಿಸುವವರಿಗೆ ವಿದ್ಯುತ್ ವಾಹನವು ಉತ್ತರವನ್ನು ಕೊಟ್ಟಿದೆ. ಅದರಲ್ಲಿ ಸ್ಫೋಟವಿಲ್ಲ, ಪಿಸ್ಟನ್ನಿಲ್ಲ. ಆದರೂ ಒಳಗೆ ಕುಳಿತವನಿಗೆ ಪೂರ್ಣಮೌನ ಲಭಿಸಲಿಲ್ಲ. ಇದುವರೆಗೆ ಎಂಜಿನ್ನಿನ ನಾದದಲ್ಲಿ ಮುಳುಗಿದ್ದ ಟೈರಿನ ಉಜ್ಜಾಟ, ಗಾಳಿಯ ಸುಯ್ಲು, ಮೋಟಾರಿನ ಕೀಚಲು ದನಿ, ಡ್ಯಾಶ್‌ಬೋರ್ಡಿನ ಸಣ್ಣ ಕಿರುಗುಟ್ಟುವಿಕೆ, ಇವೆಲ್ಲ ಒಂದೊಂದಾಗಿ ಕಿವಿಗೆ ಬಿದ್ದವು. ಅರಣ್ಯಕ್ಕೆ ಹೋದವನನ್ನೂ ಮನಸ್ಸು ಹಿಂಬಾಲಿಸುತ್ತದೆಂದು ಹಿರಿಯರು ಎಚ್ಚರಿಸಿದ್ದು ಇದನ್ನೇ. ಗೀತೆಯ ಆರನೆಯ ಅಧ್ಯಾಯದಲ್ಲಿ ಬರುವ, ಗಾಳಿಯಿಲ್ಲದೆಡೆಯ ಅಲುಗದ ದೀಪವು ಯೋಗಿಯ ಚಿತ್ತಕ್ಕೆ ಸರಿಯಾದ ಉಪಮಾನ. ಆದರೆ ಗೃಹಸ್ಥನು ಗಾಳಿಯಿಲ್ಲದೆಡೆಯನ್ನು ಹುಡುಕಿ ಹೋಗಲಾರನು. ಅವನು ಓಡುವ ರಥದಲ್ಲಿ ಕುಳಿತಿದ್ದಾನೆ. ಆ ರಥವನ್ನು ಓಡಿಸುವ ಅಗ್ನಿಯೇ ಅವನ ಜೀವನೋಪಾಯ, ಅವನ ಪ್ರೀತಿ, ಅವನ ಕರ್ತವ್ಯ.

ಹಾಗಾದರೆ ಸದ್ದು ಯಾರದು? ಅದು ಯಾವ ಒಬ್ಬರದೂ ಅಲ್ಲ. ಮೂಲವೂ ಮಾರ್ಗವೂ ಸ್ವಭಾವವೂ ಕೂಡಿದ ಸಂಧಿಯಲ್ಲಿ ಹುಟ್ಟಿದ್ದು. ಈ ಮೂರರಲ್ಲಿ ಒಂದು ಸಡಿಲಿದರೂ ಅದು ಕ್ಷೀಣಿಸುತ್ತದೆ, ಆದಕಾರಣ ಅದಕ್ಕೆ ಪರಿಹಾರವೂ ಒಂದಲ್ಲ, ಮೂರು ಕಡೆಯಿಂದ ಸಾಧ್ಯ. ಈ ಉತ್ತರದಲ್ಲಿ ನಿರಾಶೆಗೆ ಎಡೆಯಿಲ್ಲ, ದೋಷಾರೋಪಣೆಯ ಸುಖಕ್ಕೂ ಎಡೆಯಿಲ್ಲ. ವಾಹನಕ್ಕೂ ಮನುಷ್ಯನಿಗೂ ಇರುವ ಮಹಾಭೇದವನ್ನು ಮಾತ್ರ ನಾವು ಮರೆಯಬಾರದು. ವಾಹನವು ತನ್ನ ಲಯವನ್ನು ತಾನರಿಯದು. ಮತ್ತೊಬ್ಬನು ಬಂದು ತಟ್ಟಿ, ಅಳೆದು, ಲೇಪ ಹಚ್ಚಬೇಕು. ಮನುಷ್ಯನಲ್ಲಿ ನಡುಗುವ ತಗಡೂ ಅದನ್ನು ಅಳೆಯುವ ಹಗುರವಾದ ಸಾಕ್ಷಿಯೂ ಒಂದೆಡೆಯೇ ವಾಸಿಸುತ್ತವೆ. ಹೊರಗಿನ ಪ್ರೇರಣೆಗೂ ಒಳಗಿನ ಪ್ರತಿಕ್ರಿಯೆಗೂ ನಡುವೆ ಇರುವ ಸಂಬಂಧವನ್ನು ಅರಿಯುವ ಅಧಿಕಾರ ಅವನಿಗುಂಟು. ಅರಿತಷ್ಟೂ ಅದನ್ನು ತಿದ್ದುವ ಸಾಮರ್ಥ್ಯ ಅವನಿಗುಂಟು. ಇತರರ ಒಳಾವರಣದಲ್ಲಿ ತಾನೇ ಸದ್ದಿನ ಮೂಲವಾಗಿರುವಲ್ಲಿ ಮೊದಲು ತನ್ನನ್ನು ಸರಿದೂಗಿಸಿಕೊಳ್ಳುವ ಹೊಣೆಯೂ ಅವನಿಗುಂಟು. ಶಾಂತಿಯೆಂದರೆ ಈ ಅಧಿಕಾರ, ಈ ಸಾಮರ್ಥ್ಯ, ಈ ಹೊಣೆ ಮೂರನ್ನೂ ಒಟ್ಟಿಗೆ ನಿರ್ವಹಿಸುವ ನಿತ್ಯದ ಕೆಲಸ. ಅದನ್ನು ಕೈಕೊಂಡವನಿಗೆ ವಿಶ್ಲೇಷಣೆಯೂ ಒಂದು ಉಪಾಸನೆಯೇ ಆಗಿದೆ.